ಒಂದಕ್ಕೆ ಆರುನೂರ ನಲವತ್ತು

ಕತ್ತಲೆ ಕೋಣೆ. ನನ್ನ ಕೆಲಸಕ್ಕೆ ಬೆಳಕು ಆಗಿಬರುವುದಿಲ್ಲ.
ಹೊರಗೆ ಮಧ್ಯಾಹ್ನ ಮೂರು. ಎರಡನೇ ಗೇಟು ಬಿದ್ದಿದೆ,
ಮಿರಜಿನ ಗಾಡಿ ಹಾದುಹೋಗುವಾಗ
ಮೇಜು ನಡುಗುತ್ತದೆ, ಮಸೂರದಡಿಯ ಗಾಜು ನಡುಗುತ್ತದೆ.
ಕಾಯುತ್ತೇನೆ. ಮತ್ತೆ ಕಣ್ಣಿಟ್ಟರೆ
ಹಸಿರು.
ಹೊಲದ ಹಸಿರಲ್ಲ,
ಜಾಂಬೋಟಿ ಕಾಡಿನ ಕತ್ತಲಲ್ಲಿ
ಮಿಂಚುಹುಳ ಹೊತ್ತು ತಿರುಗುವ ಹಸಿರು.

ಗಾಜಿನ ಮೇಲಿರುವುದು ಯಾರದೋ ಜೀವಕೋಶ,
ಅದರ ಮೇಲೆ ಸುರಿದದ್ದು ಇವಳ ರಕ್ತದ ತಿಳಿ.
ಒಂದೊಂದರ ನಡುಬೀಜವೂ ಉರಿಯುತ್ತಿದೆ.
ಅರ್ಥ ಇಷ್ಟೇ:
ಉಜ್ವಲಾ ಕಡೋಲ್ಕರ್, ಇಪ್ಪತ್ತೊಂಬತ್ತು, ಹೆಣ್ಣು,
ಇವಳ ರಕ್ತ ಮನುಷ್ಯರನ್ನು ಕಂಡರೆ ಸಿಟ್ಟಿಗೇಳುತ್ತದೆ.
ಇವಳೂ ಮನುಷ್ಯಳೆಂಬುದು ಅದಕ್ಕೆ ನೆನಪಿಲ್ಲ.

ಒಂದು ಪಾಲಿಗೆ ಎಂಬತ್ತರಷ್ಟು ಉಪ್ಪುನೀರು. ಉರಿಯಿತು.
ನೂರಾ ಅರವತ್ತು. ಉರಿಯಿತು.
ಮಜ್ಜಿಗೆಗೆ ಇಷ್ಟು ನೀರು ಬೆರೆಸಿದ್ದರೆ
ನಮ್ಮತ್ತೆ ನನ್ನ ತವರಿಗೆ ಫೋನು ಹಚ್ಚುತ್ತಿದ್ದರು.
ಆರುನೂರ ನಲವತ್ತಕ್ಕೂ ಸಿಟ್ಟು ತಿಳಿಯಾಗಲಿಲ್ಲ.
ಬರೆದುಕೊಂಡೆ.

ವರದಿ ಒಯ್ಯಲು ತಾನೇ ಬಂದಳು,
ಮುಖದ ತುಂಬ ಓಢಣಿ, ಬಿಸಿಲು ತಾಗಬಾರದಲ್ಲ.
ಉದ್ಯಮಬಾಗದ ಫೌಂಡ್ರಿಯಲ್ಲಿ ತಪಾಸಣೆ ಕೆಲಸ.
ಎರಕದ ತುಂಡು ನೇತುಹಾಕಿ ಸುತ್ತಿಗೆಯಿಂದ ಒಮ್ಮೆ ಬಡಿಯುವುದು,
ಠಣ್ ಅಂದರೆ ಪಾಸು,
ಬದ್ ಅಂದರೆ ಒಳಗೆಲ್ಲೋ ಬಿರುಕು, ಕೆಂಪು ಬಣ್ಣ ಬಳಿದು ಆಚೆ.
ಈಗ ಬೆರಳಗಂಟು ಬಾತು
ಸುತ್ತಿಗೆ ಹಿಡಿಯಲಾಗುತ್ತಿಲ್ಲ.

ನಾನು ಕಾವಲುಗಾರ, ಸೈನ್ಯ ಅಂತೆಲ್ಲ ಹೇಳಹೊರಟೆ,
ಕ್ಯಾಂಪಿನ ಊರಲ್ಲಿ ಬೇಗ ತಿಳಿಯುವ ಮಾತು ಅಂತ.
ಅವಳು ತಡೆದಳು:
“ಹಂಗಲ್ರೀ ಮೇಡಂ. ಪಾಸಾದ ಪೀಸಿಗೇ ಕೆಂಪು ಬಳದಂಗ ಆತು.
ಕಿವಿ ಕೆಟ್ಟದ ಅದರದ್ದು.”
ಆಮೇಲೆ ಸಣ್ಣಗೆ,
“ಆಪ್ಲಾ ಯಾರು, ಪರ್ಕಾ ಯಾರು, ತಿಳೀವಲ್ದೇನ್ರಿ ಅದಕ್ಕ?”

ಈ ಊರಲ್ಲಿ ಆ ಪ್ರಶ್ನೆ ಕೇಳದವರಿಲ್ಲ.
ಅಂಗಡಿ ಬೋರ್ಡಿನ ಅಕ್ಷರಕ್ಕೆ ಡಾಂಬರು ಬಳಿದು ಕೇಳುತ್ತಾರೆ.
ನಮ್ಮವ್ವ ಮರಾಠಿಯಲ್ಲಿ ಬೈಯುತ್ತಿದ್ದಳು,
ಕನ್ನಡದಲ್ಲಿ ತಲೆ ಬಾಚುತ್ತಿದ್ದಳು.
ನಾನು ಉತ್ತರ ಹುಡುಕುವುದು ಬಿಟ್ಟು ವರ್ಷಗಳಾದವು.

ಹೋದ ತಿಂಗಳು ಪುಣೆಯ ಡಾಕ್ಟರೊಬ್ಬರು ಕಾಲೇಜಿನಲ್ಲಿ ಮಾತಾಡಿದ್ದರು,
ಹಿಂದಿನ ಸಾಲಲ್ಲಿ ಕೂತು ಕೇಳಿದ್ದೆ.
ರಕ್ತದಲ್ಲೊಂದು ಜಾತಿಯ ಕೋಶವಿದೆಯಂತೆ,
ಹೊಡೆಯಲು ಎತ್ತಿದ ಕೈಯ ಮಣಿಕಟ್ಟು ಹಿಡಿದು
‘ಇರ್ಲಿ ಬಿಡು, ನಮ್ಮಾಕಿ’ ಅನ್ನುವಂಥದ್ದು.
ಅಂಥದ್ದೊಂದು ಇದೆಯೆಂದರೆ
ದೊಡ್ಡ ದೊಡ್ಡವರೇ ಬಹಳ ಕಾಲ ನಂಬಿರಲಿಲ್ಲವಂತೆ.
(ನಂಬುವುದಾದರೂ ಹೇಗೆ, ತಡೆದ ಏಟು ಕಾಣುತ್ತದೆಯೇ?)

ಇನ್ನೊಂದೂ ಹೇಳಿದರು.
ರೋಗಿಯದೇ ಕೋಶ ತೆಗೆದು, ಹೊರಗೆ ಹೊಸ ಗುರುತು ಕಲಿಸಿ
ಮರಳಿ ಮೈಗೆ ಬಿಟ್ಟರೆ
ತಪ್ಪು ಕಲಿತವನ್ನೆಲ್ಲ ಗುಡಿಸಿ ಹಾಕುತ್ತವೆ.
ತಿಂಗಳೊಪ್ಪತ್ತು ಕಳೆದು ಮೂಳೆಯೊಳಗಿಂದ ಹೊಸವು ಹುಟ್ಟುತ್ತವೆ,
ಹಳೆಯ ಜಗಳ ಗೊತ್ತಿಲ್ಲದವು.
ಕೆಲವರು ಗುಳಿಗೆಯನ್ನೇ ಬಿಟ್ಟಿದ್ದಾರಂತೆ.
ಎಷ್ಟು ಮಂದಿ? ಇನ್ನೂ ಬೆರಳೆಣಿಕೆ.
ಎಷ್ಟು ರೊಕ್ಕ? ಆ ಚಿತ್ರ ಪರದೆಯ ಮೇಲೆ
ಬಂದಷ್ಟೇ ಬೇಗ ಹೋಯಿತು.

ಇದನ್ನು ಅವಳಿಗೆ ಹೇಳಬೇಕೋ ಬಾರದೋ.
ಹೇಳಿದೆ, ಅರ್ಧ.
“ಬೆಳಗಾಂವಕ್ಕ ಯಾವಾಗ ಬರ್ತದ್ರಿ?” ಅಂದಳು,
ತಡವಾದ ರೈಲು ವಿಚಾರಿಸುವ ದನಿಯಲ್ಲಿ.
ಗೊತ್ತಿಲ್ಲ ಅಂದೆ.
ಬಾತ ಗಂಟಿನಿಂದ ಕೌಂಟರಿನ ಕಟ್ಟಿಗೆ ಒಮ್ಮೆ ಬಡಿದಳು,
ತಲೆ ವಾರೆ ಮಾಡಿ ಕೇಳಿಸಿಕೊಂಡಳು.
ಏನು ಕೇಳಿಸಿತೋ, ಹೇಳಲಿಲ್ಲ.
ಓಢಣಿ ಎಳೆದುಕೊಂಡು ಬಿಸಿಲಿಗೆ ಇಳಿದಳು.

ಮುಂದಿನ ಗಾಜು ಕಪ್ಪಗಿತ್ತು.
ಯಾರದೋ ರಕ್ತ ಸುಮ್ಮನಿತ್ತು.
ಹೆಸರು ನೋಡುವ ಮೊದಲು
ಅಷ್ಟು ಹೊತ್ತು ಆ ಕಪ್ಪನ್ನೇ ನೋಡಿದೆ.